ಪನಾಹಿಯ ಕಾನ್ ಯಾತ್ರೆ: ಹೋದದ್ದಕ್ಕಿಂತ ಮರಳಿದ್ದೇ ದೊಡ್ಡ ಸುದ್ದಿ

ಇರಾನಿನ ನಿರ್ದೇಶಕ, ನಟ ಜಾಫರ್ ಪನಾಹಿ 2025ರ ಮೇ 26ರಂದು ಟೆಹರಾನ್ ವಿಮಾನ ನಿಲ್ದಾಣದಲ್ಲಿ ಬಂದಿಳಿದಾಗ ಅಭಿಮಾನಿಗಳು ಹರ್ಷೋದ್ಗಾರದಿಂದ ಬರಮಾಡಿಕೊಂಡರು. ಎರಡು ದಿನ ಮೊದಲಷ್ಟೇ ಅವರು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಗೌರವವಾದ 'ಪಾಮ್ ಡೋರ್' ಪಡೆದಿದ್ದರು. ಪ್ರಶಸ್ತಿ ಗೆದ್ದವರು ಊರಿಗೆ ಮರಳುವುದು ಸಾಮಾನ್ಯ ಸಂಗತಿ. ಆದರೆ ಪನಾಹಿಯ ಪಾಲಿಗೆ ವಿಮಾನ ಹತ್ತುವುದೂ ಇಳಿಯುವುದೂ ಸಾಮಾನ್ಯವಾಗಿ ಉಳಿದಿರಲಿಲ್ಲ.

ಅವರ ಹೊಸ ಚಿತ್ರ 'ಇಟ್ ವಾಸ್ ಜಸ್ಟ್ ಆನ್ ಆಕ್ಸಿಡೆಂಟ್' ಕಾನ್‌ನಲ್ಲಿ ಮೊದಲು ಪ್ರದರ್ಶನಗೊಂಡದ್ದು ಮೇ 20ರಂದು. ಮೇ 24ರಂದು ಉತ್ಸವದ ಸಮಾರೋಪ. ಅಂದು ಬೆಳಿಗ್ಗೆ ಆ ಪ್ರದೇಶದಲ್ಲೆಲ್ಲ ವಿದ್ಯುತ್ ಕಡಿದುಹೋಗಿ ಸುಮಾರು 1.6 ಲಕ್ಷ ಮನೆಗಳು ತೊಂದರೆಗೀಡಾಗಿದ್ದವು. ಆದರೂ ಸಂಜೆಯ ಸಮಾರಂಭ ನಿಲ್ಲಲಿಲ್ಲ. ಹೀಗೆ ಪ್ರದರ್ಶನ, ಪ್ರಶಸ್ತಿ ಮತ್ತು ಮರುಪ್ರಯಾಣ ಮೂರೂ ಒಂದು ವಾರದೊಳಗೆ ಮುಗಿದವು. ಈ ಒಂದು ವಾರಕ್ಕಾಗಿ ಪನಾಹಿ ಕಾದದ್ದು ಮಾತ್ರ ಸುಮಾರು ಒಂದೂವರೆ ದಶಕ.

ಖಾಲಿ ಕುರ್ಚಿಯ ವರ್ಷಗಳು

1960ರಲ್ಲಿ ಇರಾನಿನ ಮಿಯಾನೆಯಲ್ಲಿ ಜನಿಸಿದ ಪನಾಹಿ, ಖ್ಯಾತ ನಿರ್ದೇಶಕ ಅಬ್ಬಾಸ್ ಕಿಯರೊಸ್ತಾಮಿಯವರ ಸಹಾಯಕರಾಗಿ ದುಡಿದವರು. ಅವರ ಮೊದಲ ಕಥಾಚಿತ್ರ 'ದಿ ವೈಟ್ ಬಲೂನ್' 1995ರಲ್ಲಿ ಕಾನ್‌ನಲ್ಲಿ ಚೊಚ್ಚಲ ಚಿತ್ರಗಳಿಗೆ ಮೀಸಲಾದ 'ಕ್ಯಾಮೆರಾ ಡೋರ್' ಗಳಿಸಿತು. ಮಹಿಳೆಯರ ಬವಣೆಯನ್ನು ಚಿತ್ರಿಸಿದ 'ದಿ ಸರ್ಕಲ್' 2000ದಲ್ಲಿ ವೆನಿಸ್‌ನ 'ಸ್ವರ್ಣ ಸಿಂಹ' ಪಡೆಯಿತು. ಫುಟ್‌ಬಾಲ್ ಪಂದ್ಯ ನೋಡಲು ಗಂಡುವೇಷದಲ್ಲಿ ಕ್ರೀಡಾಂಗಣಕ್ಕೆ ನುಸುಳುವ ಹುಡುಗಿಯರ ಕಥೆಯಾದ 'ಆಫ್‌ಸೈಡ್' 2006ರಲ್ಲಿ ಬರ್ಲಿನ್‌ನಲ್ಲಿ 'ರಜತ ಕರಡಿ'ಗೆ ಪಾತ್ರವಾಯಿತು.

ಹೊರಗೆ ಮನ್ನಣೆ ಹೆಚ್ಚಿದಂತೆ ಒಳಗೆ ಸರಕಾರದ ಕೋಪವೂ ಹೆಚ್ಚಿತು. 2010ರ ಮಾರ್ಚ್‌ನಲ್ಲಿ ಪನಾಹಿಯ ಬಂಧನವಾಯಿತು. ಅದೇ ವರ್ಷ ಕಾನ್ ಉತ್ಸವ ಅವರನ್ನು ತೀರ್ಪುಗಾರರ ಮಂಡಳಿಗೆ ಆಹ್ವಾನಿಸಿತ್ತು. ಅವರು ಸೆರೆಯಲ್ಲಿದ್ದ ಕಾರಣ ಆ ಕುರ್ಚಿ ಖಾಲಿಯಾಗಿಯೇ ಉಳಿಯಿತು. ಆ ಸಲ ಶ್ರೇಷ್ಠ ನಟಿ ಪ್ರಶಸ್ತಿ ಸ್ವೀಕರಿಸಿದ ಜೂಲಿಯೆಟ್ ಬಿನೋಶ್, ಪನಾಹಿಯ ಹೆಸರು ಬರೆದ ಫಲಕವನ್ನು ವೇದಿಕೆಯ ಮೇಲೆ ಹಿಡಿದು ನಿಂತರು. 2025ರಲ್ಲಿ ಅದೇ ಉತ್ಸವದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷೆಯಾಗಿದ್ದವರೂ ಬಿನೋಶ್ ಅವರೇ.

2010ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆರು ವರ್ಷಗಳ ಸೆರೆವಾಸ ವಿಧಿಸಿತು. ಜೊತೆಗೆ ಇಪ್ಪತ್ತು ವರ್ಷ ಚಿತ್ರ ನಿರ್ದೇಶಿಸಬಾರದು, ಚಿತ್ರಕಥೆ ಬರೆಯಬಾರದು, ಸಂದರ್ಶನ ನೀಡಬಾರದು, ದೇಶ ಬಿಟ್ಟು ಹೋಗಬಾರದು ಎಂದೂ ಆದೇಶಿಸಿತು.

ನಿರ್ದೇಶಕ ನಟನಾದ ಬಗೆ

ಇರಾನಿನಲ್ಲಿ ಅಧಿಕೃತವಾಗಿ ಚಿತ್ರ ತೆಗೆಯಬೇಕಾದರೆ ಸಂಸ್ಕೃತಿ ಮತ್ತು ಇಸ್ಲಾಮಿಕ್ ಮಾರ್ಗದರ್ಶನ ಸಚಿವಾಲಯದ ಅನುಮತಿ ಬೇಕು. ಚಿತ್ರೀಕರಣಕ್ಕೊಂದು, ಪ್ರದರ್ಶನಕ್ಕೆ ಮತ್ತೊಂದು. ನಿಷೇಧಕ್ಕೊಳಗಾದ ಪನಾಹಿಗೆ ಈ ಬಾಗಿಲು ಮುಚ್ಚಿತ್ತು. ದೊಡ್ಡ ತಂಡ ಕಟ್ಟಿಕೊಂಡು ಬೀದಿಗಿಳಿಯುವುದು ಅಸಾಧ್ಯವಾದಾಗ ಅವರು ಕ್ಯಾಮೆರಾವನ್ನು ತಮ್ಮತ್ತಲೇ ತಿರುಗಿಸಿದರು. ಅವರು ನಟನಾದದ್ದು ಬಹುಮಟ್ಟಿಗೆ ಈ ಅನಿವಾರ್ಯತೆಯಿಂದ.

ತಮ್ಮ ಮನೆಯೊಳಗೇ ಚಿತ್ರಿಸಿದ 'ದಿಸ್ ಈಸ್ ನಾಟ್ ಎ ಫಿಲ್ಮ್' 2011ರಲ್ಲಿ ಕಾನ್ ತಲುಪಿತು. ಪೆನ್ ಡ್ರೈವ್ ಒಂದರಲ್ಲಿ, ಕೇಕಿನೊಳಗೆ ಅಡಗಿಸಿ ಅದನ್ನು ದೇಶದಿಂದ ಸಾಗಿಸಲಾಯಿತೆಂಬ ವರದಿ ಆಗ ಜಗತ್ತಿನೆಲ್ಲೆಡೆ ಪ್ರಕಟವಾಗಿತ್ತು. 'ಟ್ಯಾಕ್ಸಿ'ಯಲ್ಲಿ ಅವರೇ ಚಾಲಕನಾಗಿ ಟೆಹರಾನ್ ಸುತ್ತಿದರು. 2015ರಲ್ಲಿ ಅದಕ್ಕೆ ಬರ್ಲಿನ್‌ನ 'ಸ್ವರ್ಣ ಕರಡಿ' ದೊರೆತಾಗ ವೇದಿಕೆಗೆ ಬಂದದ್ದು ಚಿತ್ರದಲ್ಲಿ ನಟಿಸಿದ್ದ ಅವರ ಸೋದರಸಂಬಂಧಿ ಬಾಲಕಿ. ಚಿತ್ರಗಳು ಊರೂರು ತಿರುಗಿದವು. ಚಿತ್ರಕಾರ ಮನೆಯಲ್ಲೇ ಉಳಿದರು.

'ನೋ ಬೇರ್ಸ್' ಚಿತ್ರದಲ್ಲಿ ಅವರದು ಟರ್ಕಿಯ ಗಡಿಯ ಹಳ್ಳಿಯೊಂದರಲ್ಲಿ ತಂಗಿರುವ ನಿರ್ದೇಶಕನ ಪಾತ್ರ. ಒಂದು ರಾತ್ರಿ ತಾನು ನಿಂತಿರುವುದೇ ಗಡಿರೇಖೆಯ ಮೇಲೆಂದು ತಿಳಿದೊಡನೆ ಆತ ಹಿಂದಕ್ಕೆ ಸರಿಯುತ್ತಾನೆ. ಈ ಚಿತ್ರ 2022ರಲ್ಲಿ ವೆನಿಸ್‌ನಲ್ಲಿ ವಿಶೇಷ ಪ್ರಶಸ್ತಿ ಪಡೆಯುವಾಗ ಪನಾಹಿ ಎವಿನ್ ಸೆರೆಮನೆಯಲ್ಲಿದ್ದರು. ಬಂಧಿತ ನಿರ್ದೇಶಕ ಮೊಹಮ್ಮದ್ ರಸೂಲೊಫ್ ಅವರ ಬಗ್ಗೆ ವಿಚಾರಿಸಲು ಹೋದವರನ್ನೇ ಆ ಜುಲೈನಲ್ಲಿ ಹಿಡಿದಿಡಲಾಗಿತ್ತು. ಉಪವಾಸ ಸತ್ಯಾಗ್ರಹ ಆರಂಭಿಸಿದ ಬಳಿಕ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಪ್ರಯಾಣದ ನಿರ್ಬಂಧವೂ ಅದೇ ವರ್ಷ ಸಡಿಲವಾಯಿತು.

ಸೆರೆಮನೆಯಿಂದ ಬಂದ ಕಥೆ

ಕಾನ್‌ನಲ್ಲಿ ಗೆದ್ದ ಚಿತ್ರದ ಬೀಜ ಸಿಕ್ಕಿದ್ದು ಎವಿನ್‌ನಲ್ಲೇ, ಸಹಕೈದಿಗಳ ಮಾತಿನಲ್ಲಿ. ಮೆಕ್ಯಾನಿಕ್ ಒಬ್ಬನಿಗೆ ಕೃತಕ ಕಾಲಿನ ಕಿರುಗುಟ್ಟುವ ಸದ್ದು ಕೇಳಿಸುತ್ತದೆ. ಸೆರೆಯಲ್ಲಿ ತನ್ನನ್ನು ಹಿಂಸಿಸಿದವನು ಇವನೇ ಎಂದು ಆತನಿಗೆ ಅನಿಸುತ್ತದೆ. ಆದರೆ ಅಂದು ಕಣ್ಣಿಗೆ ಬಟ್ಟೆ ಕಟ್ಟಿದ್ದರಿಂದ ಮುಖ ಕಂಡಿಲ್ಲ. ಸೇಡು ತೀರಿಸಬೇಕೆ, ಬಿಡಬೇಕೆ ಎಂಬ ಸಂಕಟವೇ ಚಿತ್ರದ ವಸ್ತು. ಅನುಮತಿಯಿಲ್ಲದೆ ಚಿತ್ರೀಕರಿಸಿದ ಇದರಲ್ಲಿ ನಟಿಯರು ಹಿಜಾಬ್ ಇಲ್ಲದೆ ಕಾಣಿಸಿಕೊಂಡಿದ್ದಾರೆ. ಪನಾಹಿ ಮಾತ್ರ ಇದರಲ್ಲಿ ನಟಿಸಿಲ್ಲ. ಮತ್ತೆ ಕ್ಯಾಮೆರಾದ ಹಿಂದಕ್ಕೆ ಸರಿದಿದ್ದಾರೆ.

ಈ ಗೆಲುವಿನೊಂದಿಗೆ ಕಾನ್, ವೆನಿಸ್, ಬರ್ಲಿನ್ ಮೂರರಲ್ಲೂ ಅಗ್ರ ಪ್ರಶಸ್ತಿ ಪಡೆದ ಕ್ಲೂಜೊ, ಆಂಟೊನಿಯೊನಿ, ಆಲ್ಟ್‌ಮನ್ ಅವರ ಸಾಲಿಗೆ ಪನಾಹಿ ಸೇರಿದರು. ಇರಾನಿಗೆ ಇದು ಎರಡನೆಯ ಪಾಮ್ ಡೋರ್. ಮೊದಲನೆಯದು 1997ರಲ್ಲಿ ಅವರ ಗುರು ಕಿಯರೊಸ್ತಾಮಿಗೆ ಸಂದಿತ್ತು. ಇದನ್ನು ಪ್ರತಿರೋಧವೆಂದು ಫ್ರಾನ್ಸಿನ ವಿದೇಶಾಂಗ ಸಚಿವರು ಬಣ್ಣಿಸಿದ್ದಕ್ಕೆ ಇರಾನ್ ಸರಕಾರ ಫ್ರೆಂಚ್ ರಾಜತಾಂತ್ರಿಕ ಅಧಿಕಾರಿಯನ್ನು ಕರೆಸಿ ಆಕ್ಷೇಪಿಸಿತು.

ಮರಳುವುದೇಕೆ?

ರಸೂಲೊಫ್ 2024ರಲ್ಲಿ ಸೆರೆವಾಸ ತಪ್ಪಿಸಿಕೊಳ್ಳಲು ಕಾಲ್ನಡಿಗೆಯಲ್ಲಿ ಬೆಟ್ಟ ದಾಟಿ ದೇಶ ತೊರೆದು ಕಾನ್ ತಲುಪಿದ್ದರು. ಆ ದಾರಿ ಪನಾಹಿಗೂ ತೆರೆದಿತ್ತು. ಆದರೆ ಬೇರೆಡೆ ಬದುಕಲು ತಮ್ಮಿಂದಾಗದು, ಮರಳಿ ಮುಂದಿನ ಚಿತ್ರದ ಬಗ್ಗೆ ಯೋಚಿಸುವೆ ಎಂದು ಅವರು ಕಾನ್‌ನಲ್ಲೇ ತಿಳಿಸಿದ್ದರು. ಬಲೂನು ಮಾರುವವನಿಂದ ಟ್ಯಾಕ್ಸಿಯ ಪ್ರಯಾಣಿಕನವರೆಗೆ ಅವರ ಪಾತ್ರಗಳೆಲ್ಲ ಇರಾನಿನ ಬೀದಿಗಳಲ್ಲಿ ಸಿಕ್ಕವರು. ಆ ಬೀದಿಗಳನ್ನು ಬಿಟ್ಟರೆ ಸುರಕ್ಷಿತವಾಗಿರಬಹುದು. ಕಥೆಗಳು ಸಿಗುವುದು ಕಷ್ಟ.

ಆ ಆಯ್ಕೆಗೆ ಬೆಲೆಯೂ ಇದೆ. 2025ರ ಡಿಸೆಂಬರ್‌ನಲ್ಲಿ, ಅವರು ಚಿತ್ರದ ಪ್ರಚಾರಕ್ಕಾಗಿ ವಿದೇಶದಲ್ಲಿದ್ದಾಗ, ಅವರ ಗೈರುಹಾಜರಿಯಲ್ಲೇ ಒಂದು ವರ್ಷದ ಸೆರೆವಾಸ ಮತ್ತು ಎರಡು ವರ್ಷಗಳ ಪ್ರಯಾಣ ನಿಷೇಧ ವಿಧಿಸಲಾಗಿದೆಯೆಂದು ಅವರ ವಕೀಲರು ಪ್ರಕಟಿಸಿದರು. ಸರಕಾರದ ವಿರುದ್ಧ ಪ್ರಚಾರ ನಡೆಸಿದರೆಂಬುದು ಆರೋಪ. ಶಿಕ್ಷೆಯ ಸುದ್ದಿ ಬಂದ ಮೇಲೂ ಪನಾಹಿಯ ಮಾತು ಬದಲಾಗಲಿಲ್ಲ. ತಾಯ್ನಾಡಿಗೆ ಮರಳುವೆ ಎಂದೇ ಅವರು ಹೇಳಿದರು.