ವೇಗ ಬೇಕಾ, ಬ್ಯಾಟರಿ ಬೇಕಾ?

ಹೊಸ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಒಂದು ಲೆಕ್ಕ ಹಾಕಿ. 60 ವ್ಯಾಟ್-ಅವರ್ ಬ್ಯಾಟರಿಯಿಂದ ಸರಾಸರಿ 6 ವ್ಯಾಟ್ ಎಳೆದರೆ 10 ಗಂಟೆ ಬರುತ್ತೆ. 30 ವ್ಯಾಟ್ ಎಳೆದರೆ ಎರಡೇ ಗಂಟೆ. ಪ್ರೊಸೆಸರ್ ಇನ್ನಷ್ಟು ವೇಗವಾಗಿ ಓಡಬೇಕಾದರೆ ವೋಲ್ಟೇಜೂ ಏರಬೇಕು. ವೋಲ್ಟೇಜ್ ಏರಿದರೆ ವಿದ್ಯುತ್ ಖರ್ಚು ಅದರ ವರ್ಗದಷ್ಟು ಏರುತ್ತೆ. ಹಾಗಾಗಿ ಕೊನೆಯ ಚೂರು ವೇಗವೇ ಬಲು ದುಬಾರಿ.

2024ರಲ್ಲಿ ಬಂದ ಇಂಟೆಲ್‌ನ ಲೂನಾರ್ ಲೇಕ್ ಬ್ಯಾಟರಿ ಕಡೆ ವಾಲಿತು. ಎಂಟೇ ಕೋರ್, ಹೈಪರ್-ಥ್ರೆಡಿಂಗ್ ಇಲ್ಲ. ರ‍್ಯಾಮ್ ಪ್ರೊಸೆಸರ್ ಜೊತೆಗೇ ಕೂತಿದೆ: ಗರಿಷ್ಠ 32 ಜಿಬಿ, ಆಮೇಲೆ ಹೆಚ್ಚಿಸೋಕಾಗಲ್ಲ. ಅದೇ ಕಂಪನಿಯ ಎಚ್‌ಎಕ್ಸ್ ಸರಣಿಯಲ್ಲಿ 24 ಕೋರ್‌ವರೆಗೂ ಸಿಗುತ್ತೆ, ಆದರೆ ಮೂಲ ವಿದ್ಯುತ್ ಮಟ್ಟವೇ 55 ವ್ಯಾಟ್.

ದಿನವಿಡೀ ಮೀಟಿಂಗ್, ಬ್ರೌಸರ್, ಎಕ್ಸೆಲ್ ಅಂದ್ರೆ ಮೊದಲನೆಯದು ಸಾಕು. ದೊಡ್ಡ ಕೋಡ್ ಬಿಲ್ಡ್, ವಿಡಿಯೋ ರೆಂಡರ್ ಇದ್ರೆ ಎರಡನೆಯದು, ಚಾರ್ಜರ್ ಸಮೇತ. ಅಂಗಡಿಯಲ್ಲಿ ಚಾರ್ಜರ್ ತೆಗೆಸಿಯೇ ಓಡಿಸಿ ನೋಡಿ. ಬ್ಯಾಟರಿಗೆ ಬಂದ ಕೂಡಲೇ ನಿಧಾನವಾಗುವ ಲ್ಯಾಪ್‌ಟಾಪ್‌ಗಳೂ ಇವೆ.