ಮನೆಗೊಂದು ನಿಸ್ತಂತು: ಮಾತು ಮುಟ್ಟುವ ದೂರ

ಮಧುಗಿರಿಯಿಂದ ಪಾವಗಡದ ಕಡೆಗೆ ಹೊರಟ ಪ್ರಯಾಣಿಕನಿಗೆ ದಾರಿಯಲ್ಲಿ ಮಿಡಿಗೇಶಿಯ ಬೆಟ್ಟ ಎದುರಾಗುತ್ತದೆ. ಹುಣಿಸೆಯ ಮರಗಳು, ಕಡಲೆಕಾಯಿಯ ಹೊಲಗಳು, ಅವುಗಳ ನಡುವೆ ಎದ್ದು ನಿಂತ ಕಲ್ಲಿನ ಗುಡ್ಡ, ಅದರ ಮೈಮೇಲೆ ಕೋಟೆಯ ಗೋಡೆ. ಪಾಳೆಯಗಾರರ ಕಾಲದಲ್ಲಿ ಇಂಥ ದುರ್ಗಗಳಿಗೆ ಇದ್ದ ಬೆಲೆ ಗೋಡೆಯ ದಪ್ಪದಿಂದ ಮಾತ್ರ ಬಂದುದಲ್ಲ. ಮೇಲೆ ನಿಂತ ಕಾವಲುಗಾರನ ಕಣ್ಣಿಗೆ ಕೆಳಗಿನ ಬಯಲೆಲ್ಲ ಅಂಗೈಯ ನೆಲ್ಲಿಕಾಯಿ. ಶತ್ರುವಿನ ಕುದುರೆ ಎಬ್ಬಿಸಿದ ಧೂಳು ಊರಿಗೆ ಮುಟ್ಟುವ ಮುನ್ನ ಸುದ್ದಿ ಮುಟ್ಟಬೇಕು, ಅಷ್ಟೆ. ಎತ್ತರದಲ್ಲಿರುವವನಿಗೆ ದೂರವು ಹತ್ತಿರವಾಗುತ್ತದೆ ಎಂಬ ಆ ಹಳೆಯ ಪಾಠವನ್ನೇ ನಿಸ್ತಂತು ವಿದ್ಯೆಯು ಇಂದು ಬೇರೊಂದು ಭಾಷೆಯಲ್ಲಿ ಹೇಳುತ್ತಿದೆ.

ಕೈಗೊಂದು ಮೊಬೈಲು ಇರುವ ಈ ಕಾಲದಲ್ಲಿ ಮನೆಯಲ್ಲಿ ಬೇರೆ ನಿಸ್ತಂತು ಏತಕ್ಕೆ ಎಂದು ಗೃಹಿಣಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವೂ ಸರಳವಾಗಿದೆ. ಮೊಬೈಲು ತಾನಾಗಿ ಯಾರೊಡನೆಯೂ ಮಾತನಾಡಲಾರದು. ಅದು ತನ್ನ ಸಮೀಪದ ಗೋಪುರಕ್ಕೆ ಮಾತನ್ನು ಒಪ್ಪಿಸುತ್ತದೆ. ಗೋಪುರವು ವಿದ್ಯುತ್ತನ್ನೂ, ನೆಲದೊಳಗಿನ ತಂತಿಯನ್ನೋ ಮತ್ತೊಂದು ಗೋಪುರವನ್ನೋ ನೆಚ್ಚಿಕೊಂಡಿರುತ್ತದೆ. ಮುಂಗಾರಿಗೆ ಮುನ್ನ ಬರುವ ಬಿರುಗಾಳಿಗೆ ವಿದ್ಯುತ್ ಕಂಬಗಳು ಮಲಗಿ, ಗೋಪುರದ ಬ್ಯಾಟರಿಯೂ ಬರಿದಾದ ರಾತ್ರಿ ಹಳ್ಳಿಯಲ್ಲಿ ಮುದುಕರಿಗೆ ಎದೆನೋವು ಬಂದರೆ, ಸಾವಿರಾರು ರೂಪಾಯಿಯ ಆ ಉಪಕರಣ ಬರಿಯ ಕನ್ನಡಿಯ ಬಿಲ್ಲೆ. ದ್ವಿಮುಖ ನಿಸ್ತಂತುವಾದರೋ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ನೇರವಾಗಿ ಮಾತನ್ನು ದಾಟಿಸುತ್ತದೆ. ನಡುವೆ ಯಾರ ಹಂಗೂ ಇಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಇದು ಸಿದ್ಧಪಟ್ಟಿತು. ಆ ತಿಂಗಳು ಹವ್ಯಾಸಿ ರೇಡಿಯೋ ಪ್ರಯೋಗಕ್ಕೆಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರ ಉಪಕರಣಗಳೇ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸುವ ದಾರಿಗಳಲ್ಲಿ ಒಂದಾದವು. ವಿನೋದಕ್ಕೆ ಒಯ್ದ ವಸ್ತು ವಿಪತ್ತಿನಲ್ಲಿ ಪ್ರಾಣಸ್ನೇಹಿತನಾಯಿತು.

ಕನ್ನಡ ನಾಡಿಗೆ ಈ ಹವ್ಯಾಸ ಹೊಸತೇನೂ ಅಲ್ಲ. 1935ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟಿನ ಪುಟ್ಟ ಪ್ರೇಷಕವೊಂದನ್ನು ಇಟ್ಟು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಬಂದದ್ದು ಆ ಮನೆಯಿಂದ. ಅದು ಒಮ್ಮುಖದ ಪ್ರಸಾರವಾಗಿದ್ದಿತಾದರೂ, ಖಾಸಗಿ ಗೃಹಸ್ಥನೊಬ್ಬ ಕಲಿತು, ಕಟ್ಟಿ, ನಡೆಸಬಲ್ಲ ವಿದ್ಯೆ ಇದು ಎಂಬುದನ್ನು ತೋರಿಸಿಕೊಟ್ಟಿತು. ಮುಂದೆ 1959ರಲ್ಲಿ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಹುಟ್ಟಿತು. 2005ರ ಮೇ 5ರಂದು ಇಸ್ರೋ ಸಂಸ್ಥೆಯು ಹವ್ಯಾಸಿಗಳಿಗೆಂದೇ ‘ಹ್ಯಾಮ್‌ಸ್ಯಾಟ್’ ಎಂಬ ಉಪಗ್ರಹವನ್ನು ಹಾರಿಸಿತು. 2014ರವರೆಗೆ ಅದು ಅವರ ಮಾತುಗಳನ್ನು ಹೊತ್ತು ತಿರುಗಿತು.

ಮೊದಲು ಅನುಮತಿ, ಆಮೇಲೆ ಪೆಟ್ಟಿಗೆ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರಂತೆ ಅನೇಕರು ಮೊದಲು ಅಂಗಡಿಗೆ ಓಡುತ್ತಾರೆ. ನಿಸ್ತಂತುವಿನ ವಿಷಯದಲ್ಲಿ ಇದು ಕೇವಲ ಆತುರವಲ್ಲ, ಅಪರಾಧವೂ ಆಗಬಹುದು. ಅನುಮತಿಯಿಲ್ಲದೆ ಇಂಥ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ 1933ರ ಕಾಯಿದೆ ನಿಷೇಧಿಸಿತ್ತು. ಹಳೆಯ ಕಾಯಿದೆಗಳ ಸ್ಥಾನದಲ್ಲಿ ನಿಲ್ಲಲೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಕಾಯಿದೆಯನ್ನು ಅಂಗೀಕರಿಸಿತು. ಅಂತರ್ಜಾಲದ ಅಂಗಡಿಗಳು ಅನುಮತಿಯ ಪ್ರಸ್ತಾಪವೇ ಇಲ್ಲದೆ ವಾಕಿ-ಟಾಕಿಗಳನ್ನು ಮಾರುತ್ತಿದ್ದುದನ್ನು ತಡೆಯಲು 2025ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿಗಳನ್ನೇ ಹೊರಡಿಸಬೇಕಾಯಿತು.

ಸಾಮಾನ್ಯ ಕುಟುಂಬಕ್ಕೆ ತೆರೆದಿರುವ ದಾರಿಗಳು ಎರಡು. ಮೊದಲನೆಯದು, ಪರವಾನಗಿ ಬೇಡದ ಅಲ್ಪಶಕ್ತಿಯ ಕೈಯಂತ್ರಗಳು. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ನುಡಿಯುವ, ಸರ್ಕಾರದ ತಾಂತ್ರಿಕ ಒಪ್ಪಿಗೆ ಪಡೆದ ವಾಕಿ-ಟಾಕಿಗಳಿಗೆ 2018ರ ನಿಯಮಗಳು ವಿನಾಯಿತಿ ನೀಡಿವೆ. ಕೊಳ್ಳುವವರು ಪೆಟ್ಟಿಗೆಯ ಬಣ್ಣವನ್ನಲ್ಲ, ಈ ಎರಡು ಸಂಗತಿಗಳನ್ನು ವಿಚಾರಿಸಬೇಕು. ಹಲವು ಪಟ್ಟಿಗಳಲ್ಲಿ ಪ್ರಸಾರ ಮಾಡಬಲ್ಲ ಅಗ್ಗದ ಯಂತ್ರ ಈ ವಿನಾಯಿತಿಯೊಳಗೆ ಬರುವುದಿಲ್ಲ. ಅದು ಅರಿಯದೆ ಪೊಲೀಸರ ಅಥವಾ ವಿಮಾನಗಳ ತರಂಗದ ಮೇಲೆ ಬಿದ್ದರೆ ಪರಿಣಾಮ ಘೋರ.

ಎರಡನೆಯದು ಹವ್ಯಾಸಿ ರೇಡಿಯೋ ಪರವಾನಗಿ. ಲೋಕದ ಆಡುಮಾತಿನಲ್ಲಿ ಇವರೇ ‘ಹ್ಯಾಮ್’ಗಳು. ಹನ್ನೆರಡು ವರ್ಷ ತುಂಬಿದ ಯಾರೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. ನಿಸ್ತಂತುವಿನ ಮೂಲತತ್ತ್ವಗಳು ಹಾಗೂ ನಿಯಮಗಳು, ಇವು ಪರೀಕ್ಷೆಯ ವಿಷಯಗಳು. ನಿರ್ಬಂಧಿತ ದರ್ಜೆಗೆ ಇಷ್ಟೇ ಸಾಕು. ಸಾಮಾನ್ಯ ದರ್ಜೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಸಂಕೇತವೂ ಬರಬೇಕು. ಉತ್ತೀರ್ಣರಾದವರಿಗೆ ಕೇಂದ್ರ ಸರ್ಕಾರದ ನಿಸ್ತಂತು ಯೋಜನಾ ವಿಭಾಗವು ಒಂದು ಕರೆಹೆಸರನ್ನು ಕೊಡುತ್ತದೆ. ಸಾಮಾನ್ಯ ದರ್ಜೆಯವರದು ವಾಡಿಕೆಯಾಗಿ ‘ವಿಯು2’ ಎಂದೂ, ನಿರ್ಬಂಧಿತ ದರ್ಜೆಯವರದು ‘ವಿಯು3’ ಎಂದೂ ಮೊದಲಾಗುತ್ತದೆ. ಪ್ರಪಂಚದಲ್ಲಿ ಇನ್ನಾರಿಗೂ ಇಲ್ಲದ ಹೆಸರು ಅದು. ಮಗನೋ ಮಗಳೋ ತಾಯಿಯೊಡನೆ ಒಂದೇ ಪುಸ್ತಕ ಹಿಡಿದು ಓದಿ, ಇಬ್ಬರೂ ಒಂದೇ ದಿನ ಪರೀಕ್ಷೆ ಬರೆಯಬಹುದಾದ ವಿದ್ಯೆಗಳು ಎಷ್ಟಿವೆ?

ದೂರದ ಲೆಕ್ಕ

ಯಂತ್ರವನ್ನು ಆರಿಸುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಯಾರೊಡನೆ, ಎಷ್ಟು ದೂರಕ್ಕೆ ಮಾತನಾಡಬೇಕು? ಜಾಹೀರಾತುಗಳು ಹತ್ತು ಕಿಲೋಮೀಟರು, ಇಪ್ಪತ್ತು ಕಿಲೋಮೀಟರು ಎಂದು ಡಂಗುರ ಹೊಡೆಯುತ್ತವೆ. ಭೂಮಿ ದುಂಡಗಿದೆ ಎಂಬುದನ್ನು ಅವು ಹೇಳುವುದಿಲ್ಲ.

ಕೈಯಂತ್ರಗಳು ಬಳಸುವ ಅತಿ ಹ್ರಸ್ವ ತರಂಗಗಳು ಹೆಚ್ಚುಕಡಮೆ ದೃಷ್ಟಿಯಂತೆಯೇ ನೇರವಾಗಿ ಸಾಗುತ್ತವೆ. ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ತರಂಗದ ದಿಗಂತ ಎಷ್ಟು ಕಿಲೋಮೀಟರು ಎಂಬುದು ಸಿಕ್ಕುತ್ತದೆ. ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಹಿಡಿದ ವಾಕಿ-ಟಾಕಿಗೆ ಅದು ಐದು ಕಿಲೋಮೀಟರು. ಒಂಬತ್ತು ಮೀಟರು ಎತ್ತರದ ಮಹಡಿಯ ಏರಿಯಲ್ಲಿಗೆ ಹನ್ನೆರಡು. ಬಯಲಿನಿಂದ ಮುನ್ನೂರು ಮೀಟರು ಮೇಲಿರುವ ಬೆಟ್ಟದ ತುದಿಗೆ ಎಪ್ಪತ್ತು! ಎರಡು ಕಡೆಯ ದಿಗಂತಗಳನ್ನು ಕೂಡಿಸಿದರೆ ಮಾತು ಮುಟ್ಟಬಹುದಾದ ದೂರ. ಮರಗಿಡ, ಮನೆಗೋಡೆಗಳು ಇದರಲ್ಲಿ ತಮ್ಮ ಪಾಲನ್ನು ಕಳೆಯುವುದೂ ಉಂಟು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಎರಡು ರೀತಿಯಲ್ಲಿ ಸಲ್ಲುತ್ತದೆ. ಬೆಟ್ಟದ ಮೇಲಿರುವವನಿಗೆ ಅದು ಏಣಿ. ಬೆಟ್ಟದ ಬುಡದಲ್ಲಿರುವವನಿಗೆ ಅದೇ ಗೋಡೆ. ಮಿಡಿಗೇಶಿ, ಮಧುಗಿರಿ, ಕೊರಟಗೆರೆಗಳಂಥ ಕಲ್ಲುಬೆಟ್ಟಗಳ ಸೀಮೆಯಲ್ಲಿ ಬೆಟ್ಟದ ಈಚೆಯ ಮನೆಯಿಂದ ಆಚೆಯ ಹೊಲಕ್ಕೆ ಎರಡೇ ಮೈಲಿ ಇದ್ದರೂ ಕೈಯಂತ್ರ ಮೂಕವಾಗಬಹುದು. ಆದುದರಿಂದ ಕೊಳ್ಳುವ ಮೊದಲೇ ಮನೆಯ ಮಹಡಿಯನ್ನು ಹತ್ತಿ ಎಲ್ಲಿ ಏನು ಅಡ್ಡ ನಿಂತಿದೆಯೆಂದು ನೋಡುವುದು ಜಾಣತನ.

ಯಾವುದನ್ನು ಕೊಳ್ಳಬೇಕು?

ಮನೆಯಿಂದ ತೋಟಕ್ಕೆ, ಪಂಪುಸೆಟ್ಟಿನಿಂದ ಅಂಗಳಕ್ಕೆ ಮಾತು ಸಾಕೆನ್ನುವವರಿಗೆ ಪರವಾನಗಿ ಬೇಡದ ಒಂದು ಜೊತೆ ವಾಕಿ-ಟಾಕಿ ಸಾಕು. ಪರವಾನಗಿ ಪಡೆದು ಸುತ್ತಲಿನ ಊರುಗಳನ್ನು ಮುಟ್ಟಬೇಕೆನ್ನುವವರು 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯ, ಎಂದರೆ ಎರಡು ಮೀಟರು ತರಂಗದ, ಯಂತ್ರವನ್ನು ಆರಿಸಬಹುದು. ಐದು ವಾಟಿನ ಕೈಯಂತ್ರ ಕಲಿಕೆಗೆ ಒಳ್ಳೆಯದು; ಮನೆಯಲ್ಲಿ ನೆಲೆನಿಲ್ಲಿಸಲು ಕಾರಿನಲ್ಲಿ ಕೂರಿಸುವ ಬಗೆಯ ಯಂತ್ರ ಇನ್ನೂ ಮೇಲು.

ಆದರೆ ಸಂಸಾರ ಬೆಂಗಳೂರಿನಲ್ಲಿ, ಹೆತ್ತವರು ಮಿಡಿಗೇಶಿಯಲ್ಲಿ ಎಂದಾದರೆ? ಗೆರೆ ಎಳೆದಂತೆ ಅಳೆದರೂ ನಡುವೆ ನೂರು ಕಿಲೋಮೀಟರಿನಷ್ಟು ದೂರ, ಸಾಲದುದಕ್ಕೆ ಗುಡ್ಡಗಳ ಸಾಲು. ಇಲ್ಲಿ ಕೈಯಂತ್ರದ ಆಟ ನಡೆಯದು. 7 ಮೆಗಾಹರ್ಟ್ಸ್ ಪಟ್ಟಿಯ ಹ್ರಸ್ವತರಂಗವೇ ಬೇಕು. ಈ ತರಂಗ ಮೇಲಕ್ಕೆ ಹೋಗಿ, ವಾತಾವರಣದ ತುದಿಯಲ್ಲಿರುವ ಅಯಾನುಗಳ ಪದರಕ್ಕೆ ತಾಗಿ, ಮಳೆಯಂತೆ ಸುತ್ತಲೂ ಕೆಳಗಿಳಿಯುತ್ತದೆ. ಬೆಟ್ಟವೆಷ್ಟು ಎತ್ತರವಾದರೇನು, ಅದು ಆಕಾಶವನ್ನು ಮುಚ್ಚಲಾರದಷ್ಟೆ? ಹಗಲಿನಲ್ಲಿ ನೂರಾರು ಕಿಲೋಮೀಟರಿನ ಮಾತು ಸ್ಪಷ್ಟ. ರಾತ್ರಿಯಾದಂತೆ ಸಮೀಪದವರು ಮಸುಕಾಗಿ ದೂರದೇಶದವರು ಕೇಳತೊಡಗುವುದೂ ಉಂಟು. ಎರಡು ತುದಿಗಳಲ್ಲಿಯೂ ಪರವಾನಗಿ ಪಡೆದವರೇ ಇರಬೇಕೆಂಬುದನ್ನು ಮಾತ್ರ ಮರೆಯಬಾರದು. ಮಗ ಪರೀಕ್ಷೆ ಬರೆದು, ತಂದೆ ಬರೆಯದಿದ್ದರೆ ಹಳ್ಳಿಯ ಯಂತ್ರ ಗೂಡಿನಲ್ಲಿ ಕುಳಿತ ಗೊಂಬೆ.

ಯಂತ್ರಕ್ಕಿಂತ ಏರಿಯಲ್ ದೊಡ್ಡದು

ಹಣದ ಚೀಲದಲ್ಲಿ ನೂರು ರೂಪಾಯಿ ಇದ್ದರೆ ಮೊದಲ ಐವತ್ತನ್ನು ಏರಿಯಲ್ಲಿಗೆ ತೆಗೆದಿಡಬೇಕೆನ್ನುವಷ್ಟು ಅದರ ಮಹತ್ತ್ವ ದೊಡ್ಡದು. ಸಂತೋಷದ ಸಂಗತಿಯೆಂದರೆ ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 7 ಮೆಗಾಹರ್ಟ್ಸ್ ಪಟ್ಟಿಗೆ ಬೇಕಾದುದು ಒಟ್ಟು ಇಪ್ಪತ್ತು ಮೀಟರು ತಾಮ್ರದ ತಂತಿ. ನಡುವೆ ಕತ್ತರಿಸಿ, ಅಕ್ಕಪಕ್ಕಕ್ಕೆ ಹತ್ತು ಹತ್ತು ಮೀಟರು ಎಳೆದು, ಮಧ್ಯದಲ್ಲಿ ಕೇಬಲ್ಲನ್ನು ಬೆಸೆದರೆ ‘ಡೈಪೋಲ್’ ಸಿದ್ಧ. ಹಳ್ಳಿಯಲ್ಲಿ ಎರಡು ತೆಂಗಿನಮರಗಳು ಕಂಬಗಳ ಕೆಲಸವನ್ನು ಮಾಡುತ್ತವೆ. ಗಾಳಿಗೆ ಮರ ತೂಗುವಾಗ ತಂತಿ ತುಂಡಾಗದಂತೆ ನೈಲಾನ್ ಹಗ್ಗವನ್ನು ಕೊಂಚ ಸಡಿಲವಾಗಿ ಕಟ್ಟಬೇಕು. ಹತ್ತು ಮೀಟರಿಗಿಂತ ಹೆಚ್ಚು ಎತ್ತರವಿಲ್ಲದಿದ್ದರೂ ಚಿಂತೆಯಿಲ್ಲ. ಕೆಳಗಿರುವ ತಂತಿಯು ತರಂಗವನ್ನು ನೆತ್ತಿಯ ಕಡೆಗೇ ಕಳಿಸುವುದರಿಂದ ಸಮೀಪದ ಜಿಲ್ಲೆಗಳೊಡನೆ ಮಾತು ಇನ್ನೂ ಸುಗಮ. ವಿದ್ಯುತ್ ತಂತಿಯ ನೆರೆಗೆ ಮಾತ್ರ ಇದನ್ನು ಎಂದಿಗೂ ಒಯ್ಯಬಾರದು.

ಎರಡು ಮೀಟರು ತರಂಗಕ್ಕೆ ಇನ್ನೂ ಸುಲಭ. ಸುಮಾರು 49 ಸೆಂಟಿಮೀಟರು ಉದ್ದದ ಒಂದು ಸರಳು ನೆಟ್ಟಗೆ, ಅಷ್ಟೇ ಉದ್ದದ ನಾಲ್ಕು ಸರಳುಗಳು ಅದರ ಬುಡದಿಂದ ಕೊಡೆಯ ಕಡ್ಡಿಗಳಂತೆ ಇಳಿಜಾರಾಗಿ. ಇದನ್ನು ಮಹಡಿಯ ಮೇಲೆ ಎಷ್ಟು ಎತ್ತರಕ್ಕೆ ನಿಲ್ಲಿಸಲಾಗುವುದೋ ಅಷ್ಟು ಲಾಭ. ಬೆಂಗಳೂರಿನ ಬಹುಮಹಡಿಯ ಮನೆಗಳವರು ಮೊದಲು ನಿವಾಸಿಗಳ ಸಂಘದ ಒಪ್ಪಿಗೆ ಪಡೆಯುವುದು ಒಳಿತು.

ಕೇಬಲ್ಲಿನಲ್ಲಿ ಜಿಪುಣತನ ಕೂಡದು. ‘ಆರ್‌ಜಿ-58’ ಎಂಬ ತೆಳುವಾದ ಕೇಬಲ್ಲು ಮೂವತ್ತು ಮೀಟರು ಉದ್ದವಾದರೆ ಎರಡು ಮೀಟರು ತರಂಗದ ಶಕ್ತಿಯಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲನ್ನು ದಾರಿಯಲ್ಲಿಯೇ ನುಂಗುತ್ತದೆ. ದಪ್ಪನಾದ ‘ಆರ್‌ಜಿ-213’ ಅರ್ಧದಷ್ಟನ್ನಾದರೂ ಮೇಲೆ ಮುಟ್ಟಿಸುತ್ತದೆ. ಸೋರುವ ಕೊಡದಲ್ಲಿ ನೀರು ಹೊತ್ತು ಹೆಚ್ಚು ಸೇದಿದೆನೆಂದು ಹಿಗ್ಗಿದರೇನು ಫಲ? ಎಲ್ಲವನ್ನೂ ಜೋಡಿಸಿದ ಮೇಲೆ ‘ಎಸ್‌ಡಬ್ಲ್ಯುಆರ್’ ಮಾಪಕವನ್ನು ನಡುವೆ ಇಟ್ಟು, ಏರಿಯಲ್ಲಿನಿಂದ ಹಿಂತಿರುಗುವ ಶಕ್ತಿಯನ್ನು ನೋಡಬೇಕು. ಸೂಚಿ ಒಂದೂವರೆಯ ಒಳಗಿದ್ದರೆ ನಿಶ್ಚಿಂತೆ. ಎರಡನ್ನು ಮೀರಿದರೆ ತಂತಿಯ ಉದ್ದವನ್ನು ಅಂಗುಲ ಅಂಗುಲವಾಗಿ ತಿದ್ದಬೇಕು.

ಬಿಸಿಲು, ಸಿಡಿಲು

ಆಪತ್ಕಾಲಕ್ಕೆಂದು ಕೊಂಡ ಯಂತ್ರ ಗೋಡೆಯ ವಿದ್ಯುತ್ತನ್ನೇ ನಂಬಿದರೆ ಮೊಬೈಲಿಗೂ ಅದಕ್ಕೂ ಭೇದವೇನು? ಇವುಗಳಲ್ಲಿ ಬಹುಪಾಲು 13.8 ವೋಲ್ಟಿನಲ್ಲಿ ನಡೆಯುವಂಥವು. ಆದುದರಿಂದ 12 ವೋಲ್ಟಿನ ಬ್ಯಾಟರಿಯೊಂದು ಸದಾ ತುಂಬಿ ನಿಂತಿರಬೇಕು. ನೂರು ವಾಟಿನ ಹ್ರಸ್ವತರಂಗದ ಯಂತ್ರ ಮಾತನಾಡುವ ಕ್ಷಣದಲ್ಲಿ 20 ಆಂಪಿಯರಿನಷ್ಟನ್ನು ಸೆಳೆಯುತ್ತದೆ, ಕೇಳುವಾಗ ಒಂದೆರಡು ಆಂಪಿಯರಿನಲ್ಲಿ ತೃಪ್ತವಾಗಿರುತ್ತದೆ. ಶಕ್ತಿಯನ್ನು ತಗ್ಗಿಸಿಕೊಂಡರೆ ಬ್ಯಾಟರಿ ಅಷ್ಟು ಹೆಚ್ಚು ಹೊತ್ತು ಬಾಳುತ್ತದೆ. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೌರ ಉದ್ಯಾನವನ್ನೇ ಹರಡಿಸಿದ ಬಿಸಿಲು ಮಿಡಿಗೇಶಿಯ ಮಾಳಿಗೆಯ ಮೇಲೂ ಬೀಳುತ್ತದೆ; ಒಂದು ಸಣ್ಣ ಸೌರಫಲಕ ಬ್ಯಾಟರಿಗೆ ಅನ್ನವಿಕ್ಕಬಲ್ಲದು. ಅಗ್ಗದ ಇನ್ವರ್ಟರುಗಳೂ ಚಾರ್ಜ್ ನಿಯಂತ್ರಕಗಳೂ ಹ್ರಸ್ವತರಂಗದಲ್ಲಿ ಕರ್ಕಶವಾದ ಗಲಾಟೆ ಎಬ್ಬಿಸುತ್ತವೆಯಾದ್ದರಿಂದ ಅವನ್ನು ಏರಿಯಲ್ಲಿನಿಂದ ದೂರವಿಡಬೇಕು.

ಬಯಲುಸೀಮೆಯಲ್ಲಿ ಎತ್ತರಕ್ಕೆ ನಿಂತ ಲೋಹದ ಸರಳು ಸಿಡಿಲಿಗೆ ಕೊಟ್ಟ ಆಮಂತ್ರಣ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ನೆಲಕ್ಕೆ ಸೇರಿಸಲೇಬೇಕು. ಮೋಡ ಕಪ್ಪಿಡುವ ಮೊದಲೇ ಕೇಬಲ್ಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗೆ ಬಿಡುವುದು ನಿತ್ಯದ ಅಭ್ಯಾಸವಾಗಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲು ಹೋಗಬಾರದು.

ಮಾತಿನ ಮರ್ಯಾದೆ

ಗಾಳಿಯಲ್ಲಿ ಆಡಿದ ಮಾತು ಬೀದಿಯಲ್ಲಿ ಆಡಿದ ಮಾತು. ಯಾರು ಬೇಕಾದರೂ ಕೇಳಬಹುದು. ಕರೆಹೆಸರನ್ನು ಹೇಳಿ ಮೊದಲು ಮಾಡಿ, ಹೇಳಿಯೇ ಮುಗಿಸಬೇಕು. ವ್ಯಾಪಾರದ ಮಾತು, ಚಿತ್ರಗೀತೆಯ ಪ್ರಸಾರ, ಗುಪ್ತಭಾಷೆ ಇವು ನಿಷಿದ್ಧ. ಅಡಕೆಯ ಧಾರಣೆಯನ್ನು ವಿಚಾರಿಸಿ ಸರಕು ಕುದುರಿಸಲು ಹವ್ಯಾಸಿ ಪರವಾನಗಿ ಇರುವುದಲ್ಲ. ಒತ್ತುಗುಂಡಿಯನ್ನು ಬಿಟ್ಟರಷ್ಟೆ ಎದುರಿನವರ ಮಾತು ಕೇಳಿಸುವುದರಿಂದ, ತಮ್ಮ ಮಾತು ಮುಗಿಸಿ ಇನ್ನೊಬ್ಬರಿಗೆ ಕಿವಿಗೊಡುವ ಸದ್ಗುಣವನ್ನು ಈ ಯಂತ್ರ ಬಲವಂತವಾಗಿಯಾದರೂ ಕಲಿಸುತ್ತದೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ವಿಪತ್ತಿನ ದಿನ ಮೊದಲಬಾರಿಗೆ ಗುಂಡಿ ತಿರುಗಿಸುವವನಿಂದ ಯಾರಿಗೂ ನೆರವಾಗದು. ವಾರಕ್ಕೊಮ್ಮೆ, ಗೊತ್ತಾದ ಗಳಿಗೆಯಲ್ಲಿ, ಹಳ್ಳಿಯವರೂ ಪಟ್ಟಣದವರೂ ಐದು ನಿಮಿಷ ಮಾತನಾಡಿ, ದಿನ, ವೇಳೆ, ದನಿಯ ಸ್ಪಷ್ಟತೆಗಳನ್ನು ದಾಖಲೆಯ ಪುಸ್ತಕದಲ್ಲಿ ಬರೆದಿಟ್ಟರೆ ಯಾವ ಹೊತ್ತಿನಲ್ಲಿ ಮಾತು ಮುಟ್ಟುವುದೆಂಬುದು ವರ್ಷದೊಳಗೆ ತಾನಾಗಿ ತಿಳಿಯುತ್ತದೆ. ಗೋಪುರಗಳೆಲ್ಲ ಮೂಕವಾದ ರಾತ್ರಿಯಲ್ಲಿ ತಾಯಿಯು ಆಂಬುಲೆನ್ಸ್ ಬೇಕೆಂದು ಕರೆದ ಕರೆ ನೂರು ಕಿಲೋಮೀಟರಿನಾಚೆಯ ಮಗಳಿಗೋ, ಅದೇ ತರಂಗದಲ್ಲಿ ಕಿವಿಯಿಟ್ಟು ಕುಳಿತ ಅಪರಿಚಿತ ಹವ್ಯಾಸಿಗೋ ಕೇಳಿಸಿದರೆ, ಅಷ್ಟು ದಿನಗಳ ಓದು, ಬೆಸುಗೆ, ಹಗ್ಗ ಕಟ್ಟಿದ ಶ್ರಮ ಎಲ್ಲವೂ ಆ ಒಂದು ಗಳಿಗೆಯಲ್ಲಿ ಸಾರ್ಥಕವಾಗುವುದು.