ಡೀಸೆಲ್ ಹೊಗೆಯ ಕಾಣದ ಭಾಗ

ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗುಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನಿಗೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 15ರಿಂದ 20 ಪಟ್ಟು ಅದುಮಿದಾಗ ಅದು ಕಾದು ಕೆಂಡವಾಗಿ, ಅದರೊಳಕ್ಕೆ ಚಿಮ್ಮಿಸಿದ ಇಂಧನ ತಾನಾಗಿಯೇ ಉರಿಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಈ ಯಂತ್ರದ ಗುಣ ಮತ್ತು ದೋಷಗಳೆರಡೂ ಇದೊಂದೇ ತತ್ತ್ವದಿಂದ ಹುಟ್ಟಿದವು.

ಗುಣವೆಂದರೆ ಮೈಲೇಜು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ, ಡೀಸೆಲ್ ಉರಿದಾಗ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೂ, ಅಷ್ಟೇ ದೂರಕ್ಕೆ ಡೀಸೆಲ್ ಕಡಿಮೆ ಸಾಕಾಗುವುದರಿಂದ ಕಿಲೋಮೀಟರಿನ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯಾಗಿಸುವ ಈ ಅನಿಲ ಡೀಸೆಲ್ ಕಾರಿನಿಂದ ಕಡಿಮೆಯೇ ಬರುತ್ತದೆ. ಯುರೋಪಿನ ಹಲವು ದೇಶಗಳು ತೆರಿಗೆ ರಿಯಾಯಿತಿ ಕೊಟ್ಟು ಡೀಸೆಲ್ ಕಾರುಗಳನ್ನು ಬೆಳೆಸಿದ್ದಕ್ಕೆ ಇದೂ ಒಂದು ಕಾರಣ. ಭಾರತದಲ್ಲಿ ಕಾರಣ ಇನ್ನೂ ಸರಳವಾಗಿತ್ತು: 2014ರ ಅಕ್ಟೋಬರಿನವರೆಗೆ ಡೀಸೆಲ್ ದರ ಸರ್ಕಾರದ ಹಿಡಿತದಲ್ಲಿದ್ದು, ಪೆಟ್ರೋಲಿಗಿಂತ ಬಹಳ ಅಗ್ಗವಾಗಿತ್ತು.

ದೋಷ ಇರುವುದು ಹೊಗೆಯಲ್ಲಿ. ಚಿಮ್ಮಿದ ಡೀಸೆಲ್ ಹನಿಯ ನಡುಭಾಗಕ್ಕೆ ಆಮ್ಲಜನಕ ಸಾಲದೆ ಅಲ್ಲಿ ಮಸಿ ಕಟ್ಟಿದರೆ, ಅದರ ಸುತ್ತಲಿನ ಅತಿ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಆಕ್ಸೈಡುಗಳನ್ನು ಒಡೆಯಬಲ್ಲದು. ಆದರೆ ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಉಳಿದುಕೊಂಡಿರುವುದರಿಂದ ಅದೇ ಉಪಾಯ ಅಲ್ಲಿ ಫಲಿಸುವುದಿಲ್ಲ. ಹಳೆಯ ಲಾರಿಯ ಸೈಲೆನ್ಸರಿನ ಬಾಯಿಗೆ ಬೆರಳಿಟ್ಟರೆ ಹತ್ತುವ ಮಸಿ ಬರೀ ಪುಡಿಯಲ್ಲ, ಜಿಡ್ಡುಜಿಡ್ಡಾಗಿರುತ್ತದೆ. ಇಂಗಾಲದ ಕಣಕ್ಕೆ ಅರೆಬೆಂದ ಇಂಧನದ ರಾಸಾಯನಿಕಗಳು ಮೆತ್ತಿಕೊಂಡಿರುವುದೇ ಆ ಜಿಡ್ಡು, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಬೆರಳಿಗೆ ಹತ್ತದಷ್ಟು ಸೂಕ್ಷ್ಮವಾದ ಕಣಗಳು ಮೂಗಿನ ರೋಮಕ್ಕಾಗಲಿ ಗಂಟಲಿನ ಕಫಕ್ಕಾಗಲಿ ಸಿಕ್ಕದೆ ಶ್ವಾಸಕೋಶದ ಗಾಳಿಚೀಲಗಳ ತಳದವರೆಗೆ ಇಳಿಯುತ್ತವೆ.

ಅಮೆರಿಕದ ಗಣಿಗಳಲ್ಲಿ ಡೀಸೆಲ್ ಯಂತ್ರಗಳ ನಡುವೆ ದುಡಿದ 12,315 ಕಾರ್ಮಿಕರನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವು, ಹೊಗೆ ಕುಡಿದಷ್ಟೂ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚಿದ್ದನ್ನು ತೋರಿಸಿತು. ಅದೇ ವರ್ಷ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ತಂಬಾಕು, ಕಲ್ನಾರುಗಳಿರುವ ಮೊದಲನೆಯ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವೆಂದು ಸಾಬೀತಾದ ವಸ್ತುಗಳ ಗುಂಪಿಗೆ ಸೇರಿಸಿತು. ಪೆಟ್ರೋಲ್ ಹೊಗೆ ‘ಸಾಧ್ಯತೆ ಇದೆ’ ಎಂಬ ಗುಂಪಿನಲ್ಲೇ ಉಳಿಯಿತು. ಹಾಗೆಂದು ಪೆಟ್ರೋಲ್ ನಿರಪರಾಧಿಯಲ್ಲ: ಕಾರ್ಬನ್ ಮಾನಾಕ್ಸೈಡ್ ಅದರಿಂದಲೇ ಹೆಚ್ಚು ಬರುತ್ತದೆ, ಬೆಂಜೀನ್ ಎಂಬ ವಿಷವೂ ಅದರಲ್ಲಿದೆ.

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮವು ಡೀಸೆಲ್ ಕಾರೊಂದು ಕಿಲೋಮೀಟರಿಗೆ ಉಗುಳಬಹುದಾದ ಕಣಗಳನ್ನು 25 ಮಿಲಿಗ್ರಾಮಿನಿಂದ 4.5ಕ್ಕೆ, ಸಾರಜನಕದ ಆಕ್ಸೈಡುಗಳನ್ನು 250ರಿಂದ 80ಕ್ಕೆ ಇಳಿಸಿತು. ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರ್ ಮತ್ತು ದೊಡ್ಡ ವಾಹನಗಳಲ್ಲಿ ಆ ಆಕ್ಸೈಡುಗಳನ್ನು ಒಡೆಯಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ವ್ಯಾಪಕವಾದದ್ದು ಇದರಿಂದಲೇ. ಇದು ನಿಜವಾದ ಸಾಧನೆ. ಆದರೆ ಕಾಗದದ ಮಿತಿಗೂ ರಸ್ತೆಯ ಹೊಗೆಗೂ ಇರುವ ಅಂತರವನ್ನು ಮರೆಯುವಂತಿಲ್ಲ. 2015ರಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಪ್ರಕರಣದಲ್ಲಿ, ಪರೀಕ್ಷೆಯ ವೇಳೆ ಮಾತ್ರ ಶುದ್ಧವಾಗಿ ನಡೆದುಕೊಳ್ಳುವಂತೆ ತಂತ್ರಾಂಶ ಅಳವಡಿಸಿದ್ದ ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ಆಕ್ಸೈಡುಗಳನ್ನು ಬಿಡುತ್ತಿದ್ದವು.

ನಗರದ ಆಮೆಗತಿಯ ಸಂಚಾರದಲ್ಲಿ ಫಿಲ್ಟರ್ ಸಾಕಷ್ಟು ಕಾಯದೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಡೀಸೆಲ್ ಕಾರು ತಕ್ಕದ್ದಲ್ಲ. ಸರ್ಕಾರದ ಪಾಲಿಗೂ ಒಂದು ಕೆಲಸ ಬಾಕಿ ಇದೆ: ಪ್ರಮಾಣಪತ್ರಕ್ಕಾಗಿ ಡೀಸೆಲ್ ವಾಹನಗಳಿಗೆ ನಡೆಸುವ ಎಮಿಷನ್ ಟೆಸ್ಟಿನಲ್ಲಿ ಇಂದಿಗೂ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ, ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನಲ್ಲ.